ಚಿಕ್ಕ ಚೈನ್‌ಸಾ, ಅದಕ್ಕೆ ಸರಿಯಾದ ಚೈನ್: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕುಷ್ಟಗಿ ತಾಲೂಕಿನಲ್ಲಿ ನಮ್ಮ ಹೊಲ ಇದೆ. ಬೇಸಿಗೆಯಲ್ಲಿ ಹೊಲದ ಕೆಲಸ ಇಲ್ಲದಾಗ ಸುತ್ತಲಿನ ಊರುಗಳಲ್ಲಿ ಜಾಲಿ ಕೊಯ್ದು ಕೊಡುತ್ತೇನೆ. ಕೊಪ್ಪಳ, ಸಿಂಧನೂರು, ಸಿರುಗುಪ್ಪ ಕಡೆಯಿಂದ ಫೋನ್ ಮಾಡಿ ಯಾವ ಚೈನ್‌ಸಾ (ಮರ ಕೊಯ್ಯುವ ಮಷಿನ್) ತಗೊಳ್ಳಲಿ ಅಂತ ಕೇಳುವವರು ಜಾಸ್ತಿ. ಎಲ್ಲರೂ ಎಂಜಿನ್ ಬಗ್ಗೆ ಕೇಳುತ್ತಾರೆ, ಚೈನ್ ಬಗ್ಗೆ ಕೇಳುವವರು ಅಪರೂಪ. ಆದರೆ ಮರ ಕೊಯ್ಯುವುದು ಚೈನ್. ಎಂಜಿನ್ ಅದನ್ನು ಬಾರ್ ಎಂಬ ಉದ್ದನೆಯ ಪಟ್ಟಿಯ ಸುತ್ತ ತಿರುಗಿಸುತ್ತದೆ, ಅಷ್ಟೇ. ಹರಿತವಾದ ಚೈನ್ ಇರುವ ಚಿಕ್ಕ ಮಷಿನ್, ಮೊಂಡು ಚೈನ್ ಇರುವ ದೊಡ್ಡ ಮಷಿನ್‌ಗಿಂತ ಬೇಗ ಕೆಲಸ ಮುಗಿಸುತ್ತದೆ. ಇದನ್ನು ನಾನು ದಿನಾ ನೋಡುತ್ತಿದ್ದೇನೆ.

ಮೊದಲು ಏನು ನೋಡಬೇಕು? ಸಿಸಿನಾ, ಬಾರ್ ಉದ್ದನಾ, ರೇಟಾ?

ಮೊದಲು ನಿಮ್ಮ ಮರ ನೋಡಿ. ಒಂದು ಟೇಪ್ ಹಿಡಿದು ಹೊಲದ ಬದು ಸುತ್ತಿ ಬನ್ನಿ. ಬದುವಿನ ಮೇಲೆ, ಹಳ್ಳದ ದಂಡೆಯಲ್ಲಿ ಬೆಳೆಯುವ ಬಳ್ಳಾರಿ ಜಾಲಿ ಹೆಚ್ಚಾಗಿ ಒಂದೇ ದಪ್ಪ ಬೊಡ್ಡೆಯ ಮರ ಅಲ್ಲ, ಬುಡದಿಂದಲೇ ನಾಲ್ಕೈದು ಕೊಂಬೆ ಒಡೆದಿರುತ್ತದೆ. ಒಂದೊಂದು ಕೊಂಬೆ ನಾಲ್ಕರಿಂದ ಎಂಟು ಇಂಚು ದಪ್ಪ. ಬೇವು, ಹುಣಸೆ ಮಾತ್ರ ಅದಕ್ಕಿಂತ ದಪ್ಪ ಬರುತ್ತವೆ.

ನೀವು ದಿನವೂ ಕೊಯ್ಯುವ ಕಟ್ಟಿಗೆ ಎಷ್ಟು ದಪ್ಪವೋ ಅದಕ್ಕಿಂತ ಎರಡು ಇಂಚು ಉದ್ದದ ಬಾರ್ ಸಾಕು. ಹೊಲದ ಎಲ್ಲ ಕೆಲಸಕ್ಕೂ 14 ಅಥವಾ 16 ಇಂಚು ಧಾರಾಳ. ವರ್ಷಕ್ಕೊಮ್ಮೆ ದಪ್ಪ ಹುಣಸೆ ದಿಮ್ಮಿ ಬಂದರೆ ಎರಡೂ ಬದಿಯಿಂದ ಕೊಯ್ದರಾಯಿತು. ಅದೊಂದು ದಿಮ್ಮಿಗಾಗಿ ವರ್ಷವಿಡೀ ಉದ್ದದ ಬಾರ್ ಹೊತ್ತು ತಿರುಗಬೇಡಿ.

ಬಾರ್ ಗೊತ್ತಾದ ಮೇಲೆ ಎಂಜಿನ್. 14, 16 ಇಂಚಿಗೆ 30ರಿಂದ 40 ಸಿಸಿ. 18 ಇಂಚಿಗೆ 45ರಿಂದ 50 ಸಿಸಿ. ಉದಾಹರಣೆಗೆ ಸ್ಟಿಲ್ ಕಂಪನಿಯ ಎಂಎಸ್ 180 ಇರುವುದು 31.8 ಸಿಸಿ, ಬಾರ್ ಇಲ್ಲದೆ ನಾಲ್ಕು ಕೆಜಿ ಹತ್ತಿರ. ಜಾಲಿಗೆ ಆ ಅಳತೆ ಧಾರಾಳ ಸಾಕು.

58 ಸಿಸಿ, 22 ಇಂಚಿನ ಮಷಿನ್ ಕಡಿಮೆ ರೇಟಿಗೆ ಸಿಗುತ್ತದೆ. ಅದನ್ನೇ ತಗೊಳ್ಳಬಾರದಾ?

ನಾನು ಮೊದಲು ತಂದಿದ್ದು ಅದನ್ನೇ. ಅದಕ್ಕೇ ಬೇಡ ಅನ್ನುತ್ತೇನೆ.

ಪೆಟ್ರೋಲ್, ಆಯಿಲ್, ಬಾರ್ ಎಲ್ಲ ಸೇರಿ ಏಳು ಕೆಜಿ ಸುತ್ತಮುತ್ತ ತೂಕ. ಜಾಲಿಯ ಮುಳ್ಳಿನ ನಡುವೆ ಬಗ್ಗಿ, ಬುಡಕ್ಕೆ ಹಿಡಿದು ಕೊಯ್ಯಬೇಕು. ಅರ್ಧ ಗಂಟೆಯಲ್ಲಿ ನಡು ಹಿಡಿಯುತ್ತದೆ, ತೋಳು ನಡುಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಬಾರ್‌ನ ಮೂತಿ. ಮುಂದಿನ ಕೊಂಬೆ ಕೊಯ್ಯುವಾಗ ಹಿಂದಿನ ಕೊಂಬೆಗೆ ಮೂತಿ ತಾಗಿದ್ದು ನಮಗೆ ಕಾಣುವುದಿಲ್ಲ. ಬಾರ್ ಮೂತಿಯ ಮೇಲಿನ ಅರ್ಧ ಭಾಗ ಗಟ್ಟಿ ಕಟ್ಟಿಗೆಗೆ ತಾಗಿದರೆ ಮಷಿನ್ ಪುಟಿದು ಮೈಮೇಲೆ ಬರುತ್ತದೆ. ಇದಕ್ಕೆ ಕಿಕ್‌ಬ್ಯಾಕ್ ಅನ್ನುತ್ತಾರೆ. ಕಣ್ಣು ಮಿಟುಕಿಸುವುದರೊಳಗೆ ಆಗಿಹೋಗುತ್ತದೆ. ನನಗೆ ಯಲಬುರ್ಗಾ ರಸ್ತೆ ಪಕ್ಕದ ಹೊಲದಲ್ಲಿ ಹೀಗಾಯಿತು. ಎಡಗೈ ಮುಂದಿನ ಗಾರ್ಡ್‌ಗೆ ಬಡಿದು ಚೈನ್ ಬ್ರೇಕ್ ಬಿತ್ತು, ಚೈನ್ ನಿಂತಿತು, ಅಂಗಿಯ ತೋಳು ಮಾತ್ರ ಹರಿಯಿತು. ಆ ಸಂಜೆ ಊಟ ಸೇರಲಿಲ್ಲ.

ಅದೇ ಮಷಿನ್ ಈಗಾಗಲೇ ಮನೆಯಲ್ಲಿ ಇದ್ದರೆ ಮಾರಬೇಕಿಲ್ಲ. 18 ಇಂಚಿನ ಬಾರ್ ಹಾಕಿಸಿ. ಅದೇ ಎಂಜಿನ್‌ಗೆ ಹೊರೆ ಕಡಿಮೆ ಆಗುತ್ತದೆ, ಕೊಯ್ತವೂ ಚುರುಕಾಗುತ್ತದೆ. ಆದರೆ ಕೊಳ್ಳುವ ಯಾವುದೇ ಮಷಿನ್‌ಗೆ ಚೈನ್ ಬ್ರೇಕ್ ಇದೆಯಾ, ಕೈಯಿಂದ ಮುಂದೆ ತಳ್ಳಿದರೆ ಟಕ್ ಅಂತ ಬೀಳುತ್ತದಾ ಅಂತ ಅಂಗಡಿಯಲ್ಲೇ ನೋಡಿ. ಇಲ್ಲದಿದ್ದರೆ ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ.

ಪೆಟ್ರೋಲ್, ಕರೆಂಟ್, ಬ್ಯಾಟರಿ: ಯಾವುದು ಸರಿ?

ಹೊಲದಲ್ಲಿ ಕೊಯ್ಯುವುದಾದರೆ ಪೆಟ್ರೋಲ್. ಮನೆ ಅಂಗಳದಲ್ಲಿ, ಕಣದಲ್ಲಿ ತಂದು ಹಾಕಿದ ಕಟ್ಟಿಗೆ ತುಂಡು ಮಾಡುವುದಾದರೆ ಕರೆಂಟ್ ಮಷಿನ್ ಒಳ್ಳೆಯದು. 16 ಇಂಚಿನ ಕರೆಂಟ್ ಮಷಿನ್ 1800ರಿಂದ 2000 ವ್ಯಾಟ್ ಎಳೆಯುತ್ತದೆ, ಹತ್ತಿರತ್ತಿರ 9 ಆಂಪ್. ಟಿವಿಗೆ ಹಾಕುವ ತೆಳು ಎಕ್ಸ್‌ಟೆನ್ಷನ್ ವೈರ್ ಬಿಸಿಯಾಗಿ ಕರಗುತ್ತದೆ. 2.5 ಸ್ಕ್ವೇರ್ ಎಂಎಂ ವೈರ್, ದೊಡ್ಡ ಪ್ಲಗ್ ಬೇಕು. ಸಂಜೆ ಹೊತ್ತು ವೋಲ್ಟೇಜ್ ಇಳಿದಾಗ ಓಡಿಸಬೇಡಿ, ಮೋಟಾರ್ ಸುಟ್ಟುಹೋಗುತ್ತದೆ.

ಬ್ಯಾಟರಿಯ ಪುಟ್ಟ ಗರಗಸ, ಅಂದರೆ 4, 6, 8 ಇಂಚಿನವು, ಬೇರೆಯೇ ಕೆಲಸಕ್ಕೆ. ಅದರ ಪೆಟ್ಟಿಗೆ ಮೇಲಿನ ವೋಲ್ಟ್ ನಂಬಬೇಡಿ. ಒಳಗೆ ಐದು ಲಿಥಿಯಂ ಸೆಲ್ ಒಂದರ ಹಿಂದೆ ಒಂದು ಇದ್ದರೆ ಪೂರ್ತಿ ಚಾರ್ಜ್ ಆದಾಗ 21 ವೋಲ್ಟ್, ನಡೆಯುವಾಗ 18. ಹೊರಗೆ 48 ಅಂತ ಬರೆದಿರಲಿ, 88 ಅಂತ ಬರೆದಿರಲಿ, ಒಳಗೆ ಅಷ್ಟೇ.

ದಾಳಿಂಬೆ, ಮಾವಿನ ಚಾಟನಿಗೆ (ಕೊಂಬೆ ಸವರಲು) ಚೈನ್‌ಸಾ ಬಳಸಬಹುದಾ?

ಬೆರಳು ದಪ್ಪದ ಕೊಂಬೆಗೆ ಕತ್ತರಿಯೇ ಸರಿ. ಚೈನ್ ಸಿಪ್ಪೆ ಹರಿದು ಗಾಯ ಒರಟಾಗಿ ಮಾಡುತ್ತದೆ. ಒಂದೂವರೆ ಇಂಚಿಗಿಂತ ದಪ್ಪದ, ಒಣಗಿದ ಅಥವಾ ಹಳೆಯ ಕೊಂಬೆ ತೆಗೆಯಲು ಆ ಬ್ಯಾಟರಿ ಗರಗಸ ಚೆನ್ನಾಗಿದೆ. ಅದಕ್ಕೆ 1/4 ಇಂಚಿನ ಸಣ್ಣ ಹಲ್ಲಿನ ಚೈನ್ ಬರುತ್ತದೆ.

ದಾಳಿಂಬೆಯವರಿಗೆ ಒಂದು ಮಾತು. ದುಂಡಾಣು ಅಂಗಮಾರಿ ರೋಗ ಬಂದ ಗಿಡ ಕೊಯ್ದ ಚೈನನ್ನು ಹಾಗೇ ಪಕ್ಕದ ಗಿಡಕ್ಕೆ ಹಾಕಬೇಡಿ. ಬ್ಯಾಟರಿ ತೆಗೆದು, ಚೈನ್ ಒರೆಸಿ, ಹೈಪೋಕ್ಲೋರೈಟ್ (ಬ್ಲೀಚ್) ದ್ರಾವಣ ಹಚ್ಚಿ, ಆಮೇಲೆ ಎಣ್ಣೆ ಬಿಡಿ. ಎಣ್ಣೆ ಬಿಡದಿದ್ದರೆ ಮರುದಿನಕ್ಕೆ ತುಕ್ಕು. ಹತ್ತು ಗಿಡಕ್ಕಿಂತ ಜಾಸ್ತಿ ರೋಗದ ಗಿಡ ಇದ್ದರೆ ಕತ್ತರಿಯಲ್ಲೇ ಮಾಡಿ, ತೊಳೆಯುವುದು ಸುಲಭ.

ಅಂಗಡಿಯಲ್ಲಿ ಚೈನ್ ಕೇಳುವಾಗ ಏನಂತ ಕೇಳಬೇಕು?

ಎಲ್ಲಕ್ಕಿಂತ ಜಾಸ್ತಿ ದುಡ್ಡು, ಸಮಯ ಹಾಳಾಗುವುದು ಇಲ್ಲೇ. ಒಮ್ಮೆ ನಾನು ಜಾಲಿ ಕೊಯ್ಯುವುದನ್ನು ಅರ್ಧಕ್ಕೆ ಬಿಟ್ಟು ಬಸ್ ಹತ್ತಿ ಪೇಟೆಗೆ ಹೋಗಿದ್ದೆ.

"ಅಣ್ಣಾ, ಹದಿನೆಂಟು ಇಂಚಿಂದು ಚೈನ್ ಕೊಡ್ರಿ."

"ಎಷ್ಟು ಲಿಂಕ್ ಐತ್ರೀ?"

"ಲಿಂಕ್ ಗೊತ್ತಿಲ್ರೀ, ಹದಿನೆಂಟು ಇಂಚು."

ಕೊಟ್ಟರು, ತಂದೆ. ಬಾರ್‌ನ ಗಾಡಿಯೊಳಗೆ, ಅಂದರೆ ಅಂಚಿನ ತೋಡಿನೊಳಗೆ, ಚೈನ್ ಇಳಿಯಲೇ ಇಲ್ಲ. ತಪ್ಪು ನನ್ನದೇ, ಇಂಚು ಒಂದನ್ನೇ ಹೇಳಿದ್ದೆ. ಚೈನ್‌ಗೆ ಮೂರು ಅಳತೆ ಬೇಕು, ಮೂರೂ ಹೊಂದಬೇಕು.

ಒಂದು, ಪಿಚ್. ಚೈನ್ ಮೇಲೆ ಸಾಲಾಗಿ ರಿವೆಟ್ ಇರುತ್ತವೆ. ಮೊದಲ ರಿವೆಟ್‌ನ ನಡುವಿನಿಂದ ಮೂರನೆಯದರ ನಡುವಿಗೆ ಅಳೆದು ಅರ್ಧ ಮಾಡಿದರೆ ಪಿಚ್. ಸ್ಕೇಲ್‌ನಲ್ಲಿ 16.5 ಮಿ.ಮೀ. ಬಂದರೆ ಅದು 0.325 ಇಂಚಿನ ಚೈನ್. 19 ಮಿ.ಮೀ. ಹತ್ತಿರ ಬಂದರೆ 3/8. 12.7 ಬಂದರೆ 1/4. ಚಿಕ್ಕ ಮಷಿನ್‌ಗಳಲ್ಲಿ 3/8 ಇದ್ದರೆ ಅದು ಲೋ ಪ್ರೊಫೈಲ್, ಅಂದರೆ ಹಲ್ಲು ಗಿಡ್ಡ ಇರುವುದು. ದೊಡ್ಡ ಮಷಿನ್‌ನ ಸಾದಾ 3/8 ಚೈನ್ ಅದಕ್ಕೆ ಕೂರುವುದಿಲ್ಲ. ಲೋ ಪ್ರೊಫೈಲ್ ಅಂತ ಬಾಯಿಬಿಟ್ಟು ಹೇಳಿ.

ಎರಡು, ಗೇಜ್. ಬಾರ್‌ನ ಗಾಡಿಯೊಳಗೆ ಇಳಿಯುವ ಕೆಳಗಿನ ಲಿಂಕ್‌ನ ದಪ್ಪ ಇದು. 1.1, 1.3, 1.5, 1.6 ಮಿ.ಮೀ. ಅಂತ ಇರುತ್ತದೆ. ಅಂಗಡಿಯವರು ಇಂಚಿನ ಸಾವಿರದ ಭಾಗದ ಲೆಕ್ಕದಲ್ಲಿ 43, 50, 58, 63 ಅನ್ನಬಹುದು, ಎರಡೂ ಒಂದೇ. ದಪ್ಪದ್ದು ತೆಳು ಗಾಡಿಗೆ ಇಳಿಯುವುದಿಲ್ಲ, ನನಗೆ ಆಗಿದ್ದು ಇದೇ. ತೆಳುವಾದದ್ದು ದಪ್ಪ ಗಾಡಿಗೆ ಇಳಿಯುತ್ತದೆ, ಓಡುತ್ತದೆ ಕೂಡ. ಆದರೆ ಅಲುಗಾಡುತ್ತಾ ಓರೆಯಾಗಿ ಕೊಯ್ಯುತ್ತದೆ, ಕಳಚಿ ಹಾರುತ್ತದೆ. ಅದು ಇನ್ನೂ ಅಪಾಯ.

ಮೂರು, ಕೆಳಗಿನ ಲಿಂಕ್‌ಗಳ ಎಣಿಕೆ. ಒಂದು ಲಿಂಕ್‌ಗೆ ಸೀಮೆಸುಣ್ಣ ಹಚ್ಚಿ ಅಲ್ಲಿಂದ ಎಣಿಸಿ. ಬಾರ್ ಇಂಚು ಒಂದೇ ಇದ್ದರೂ ಎಣಿಕೆ ಬೇರೆ ಆಗುತ್ತದೆ. 16 ಇಂಚಿನ ಲೋ ಪ್ರೊಫೈಲ್ ಚೈನ್ ಸ್ಟಿಲ್ ಮಷಿನ್‌ಗೆ 55 ಲಿಂಕ್, ಹಸ್ಕ್‌ವರ್ನಾ ಕಂಪನಿಯ ಮಷಿನ್‌ಗೆ 56. ಒಂದೇ ಲಿಂಕ್ ವ್ಯತ್ಯಾಸ, ಆದರೆ ಅದು ಬಿಗಿ ಬರುವುದಿಲ್ಲ ಇಲ್ಲವೇ ಏರುವುದೇ ಇಲ್ಲ. ಆ 58 ಸಿಸಿ ಮಷಿನ್‌ಗಳಲ್ಲಿ ಸಾಮಾನ್ಯವಾಗಿ 0.325 ಪಿಚ್, 1.5 ಗೇಜ್ ಇರುತ್ತದೆ. 18 ಇಂಚಿಗೆ 72, 20 ಇಂಚಿಗೆ 76, 22 ಇಂಚಿಗೆ 86 ಲಿಂಕ್. ಆದರೂ ಎಣಿಸಿಯೇ ಹೋಗಿ.

ಈ ಮೂರೂ ಅಂಕಿ ಹೆಚ್ಚಾಗಿ ಬಾರ್‌ನ ಬುಡದ ಹತ್ತಿರ ಕೊರೆದಿರುತ್ತವೆ. ಎಣ್ಣೆ, ಹೊಟ್ಟು ಮೆತ್ತಿ ಕಾಣುವುದಿಲ್ಲ, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಕಾಣುತ್ತದೆ. ನಾನು ಈಗ ಆ ಅಂಕಿಗಳನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದು ಇಟ್ಟಿದ್ದೇನೆ. ಮಷಿನ್ ಪೆಟ್ಟಿಗೆಯ ಮುಚ್ಚಳದ ಒಳಗೂ ಬರೆದಿದ್ದೇನೆ.

ಹಲ್ಲಿನಲ್ಲೂ ಬೇರೆ ಬೇರೆ ಇವೆಯಂತೆ. ಜಾಲಿಗೆ ಯಾವುದು?

ಎರಡು ಮುಖ್ಯ. ಮೂಲೆ ಚೂಪಾಗಿ, ಚೌಕವಾಗಿ ಇರುವುದು ಫುಲ್ ಚಿಸೆಲ್. ಮೂಲೆ ಸ್ವಲ್ಪ ದುಂಡಗೆ ಇರುವುದು ಸೆಮಿ ಚಿಸೆಲ್. ಫುಲ್ ಚಿಸೆಲ್ ಹಸಿ, ಮೆತ್ತನೆಯ, ಸ್ವಚ್ಛ ಕಟ್ಟಿಗೆಯಲ್ಲಿ ಬೆಣ್ಣೆಯಲ್ಲಿ ಹೋದಂತೆ ಹೋಗುತ್ತದೆ. ಆದರೆ ಆ ಚೂಪು ಮೂಲೆ ದೂಳು ತಾಗಿದ ಕೂಡಲೇ ಹೋಗುತ್ತದೆ. ನಮ್ಮ ಕಡೆ ಸ್ವಚ್ಛ ಕಟ್ಟಿಗೆ ಎಲ್ಲಿದೆ? ಎರೆ ನೆಲದ ದೂಳು, ಗರಸು ಮಣ್ಣು ತೊಗಟೆಯ ಬಿರುಕುಗಳಲ್ಲಿ ಕೂತಿರುತ್ತದೆ. ರಸ್ತೆ ಪಕ್ಕದ ಜಾಲಿಯಂತೂ ಬುಡದಿಂದ ತುದಿತನಕ ದೂಳು. ಕಟ್ಟಿಗೆಯೂ ಗಟ್ಟಿ. ಸುಮ್ನೆ ಯೋಚನೆ ಬೇಡ, ಬಳ್ಳಾರಿ ಜಾಲಿ, ಕರಿಜಾಲಿ, ಒಣಗಿದ ಹುಣಸೆ ಎಲ್ಲಕ್ಕೂ ಸೆಮಿ ಚಿಸೆಲ್ ತಗೊಳ್ಳಿ. ಸ್ವಲ್ಪ ನಿಧಾನ, ಆದರೆ ಹರಿತ ಜಾಸ್ತಿ ಹೊತ್ತು ಉಳಿಯುತ್ತದೆ.

ಹೊಸದಾಗಿ ಕಲಿಯುವವರು ಕಿಕ್‌ಬ್ಯಾಕ್ ಕಡಿಮೆ ಮಾಡುವ ಸೇಫ್ಟಿ ಚೈನ್ ಕೇಳಿ. ಹಲ್ಲಿನ ಮುಂದೆ ಒಂದು ಇಳಿಜಾರು ಲಿಂಕ್ ಜಾಸ್ತಿ ಇರುತ್ತದೆ. ಲೋ ಪ್ರೊಫೈಲ್‌ನಲ್ಲಿ ಸುಲಭವಾಗಿ ಸಿಗುತ್ತದೆ.

ಹೊಸ ಚೈನ್ ಹಾಕಿದರೂ ಕೊಯ್ಯುತ್ತಿಲ್ಲ, ಬರೀ ಹೊಗೆ ಬರುತ್ತಿದೆ. ಏಕೆ?

ಉಲ್ಟಾ ಹಾಕಿದ್ದೀರಿ. ಬಾರ್‌ನ ಮೇಲ್ಭಾಗದಲ್ಲಿ ಹಲ್ಲಿನ ಬಾಯಿ ಮೂತಿಯ ಕಡೆ ನೋಡಬೇಕು. ಹಾಗಿಲ್ಲದಿದ್ದರೆ ಬಿಚ್ಚಿ ತಿರುಗಿಸಿ ಹಾಕಿ.

ಚೈನ್ ಮೊಂಡಾಗಿದೆ ಅಂತ ಹೇಗೆ ಗೊತ್ತಾಗುತ್ತದೆ? ಮನೆಯಲ್ಲೇ ಹರಿತ ಮಾಡಬಹುದಾ?

ಹೊಟ್ಟು ಕೈಯಲ್ಲಿ ಹಿಡಿದು ನೋಡಿ. ಹರಿತ ಇದ್ದರೆ ಅವಲಕ್ಕಿಯಂತೆ ಚೂರು ಚೂರು ಬೀಳುತ್ತದೆ. ಮೊಂಡಾಗಿದ್ದರೆ ರಾಗಿ ಹಿಟ್ಟಿನಂತೆ ನುಣ್ಣಗಿರುತ್ತದೆ. ಹಿಟ್ಟು ಬರಲು ಶುರುವಾದ ಕೂಡಲೇ ನಿಲ್ಲಿಸಬೇಕು. ಮೈಭಾರ ಹಾಕಿ ಒತ್ತಿ ಕೊಯ್ದರೆ ಬಾರ್ ಸುಡುತ್ತದೆ, ಕ್ಲಚ್ ಹೋಗುತ್ತದೆ, ಕೈ ಜಾರುತ್ತದೆ.

ಹರಿತ ಮಾಡುವುದು ಮನೆಯಲ್ಲೇ ಆಗುತ್ತದೆ, ಕಲಿಯಲೇಬೇಕು. ಬೇಕಾಗುವುದು ದುಂಡನೆಯ ಅರ, ಅಂಗಡಿಯಲ್ಲಿ ರೌಂಡ್ ಫೈಲ್ ಅಂತ ಕೇಳಿ. 3/8 ಲೋ ಪ್ರೊಫೈಲ್‌ಗೆ 4 ಮಿ.ಮೀ., 0.325ಕ್ಕೆ 4.8 ಮಿ.ಮೀ. ತಪ್ಪು ಅಳತೆಯ ಅರ ಹಾಕಿದರೆ ಹಲ್ಲಿನ ಆಕಾರವೇ ಕೆಡುತ್ತದೆ.

ನಾನು ಮಾಡುವುದು ಹೀಗೆ. ಒಂದು ದಪ್ಪ ತುಂಡಿಗೆ ಕೊಯ್ತ ಹಾಕಿ, ಎಂಜಿನ್ ಬಂದ್ ಮಾಡಿ, ಬಾರನ್ನು ಆ ಸೀಳಿನಲ್ಲೇ ಕೂರಿಸುತ್ತೇನೆ. ಅದೇ ನನ್ನ ವೈಸ್, ಅಂದರೆ ಬಿಗಿ ಹಿಡಿಯುವ ಇಕ್ಕಳ. ಎಲ್ಲಕ್ಕಿಂತ ಸವೆದ ಹಲ್ಲು ಹುಡುಕಿ ಅದರಿಂದ ಶುರು ಮಾಡುತ್ತೇನೆ. ಹಲ್ಲಿನ ತಲೆಯ ಮೇಲೆ ಹಿಂಬದಿಯಲ್ಲಿ ಸಣ್ಣ ಓರೆ ಗೆರೆ ಇರುತ್ತದೆ. ಅರ ಆ ಗೆರೆಗೆ ಸಮ ಇರಬೇಕು, ಹೆಚ್ಚಿನ ಚೈನ್‌ಗಳಲ್ಲಿ ಅದು 30 ಡಿಗ್ರಿ. ಅರದ ದಪ್ಪದಲ್ಲಿ ಐದನೇ ಒಂದು ಭಾಗ ಹಲ್ಲಿನ ತಲೆಗಿಂತ ಮೇಲೆ ಕಾಣಬೇಕು. ಒಳಗಿನಿಂದ ಹೊರಕ್ಕೆ ತಳ್ಳಬೇಕು, ವಾಪಸ್ ಎಳೆಯುವಾಗ ಎತ್ತಬೇಕು. ಎರಡು, ಮೂರು ತಳ್ಳು. ಮೊದಲ ಹಲ್ಲಿಗೆ ಎಷ್ಟೋ ಎಲ್ಲ ಹಲ್ಲಿಗೂ ಅಷ್ಟೇ. ಒಂದು ಬದಿಯ ಹಲ್ಲು ಮುಗಿಸಿ, ತಿರುಗಿ ನಿಂತು ಇನ್ನೊಂದು ಬದಿ. ಮೊಂಡು ಹಲ್ಲಿನ ಅಂಚಿನಲ್ಲಿ ಬಿಸಿಲಿಗೆ ಹಿಡಿದರೆ ಬಿಳಿ ಹೊಳಪಿನ ಗೆರೆ ಕಾಣುತ್ತದೆ. ಆ ಹೊಳಪು ಪೂರ್ತಿ ಹೋದರೆ ಹಲ್ಲು ಹರಿತವಾಯಿತು.

ನಾಲ್ಕೈದು ಸಲ ಅರ ಹಾಕಿದ ಮೇಲೆ ಹಲ್ಲಿನ ಮುಂದಿರುವ ಸಣ್ಣ ಉಬ್ಬನ್ನು ನೋಡಿ. ಅದಕ್ಕೆ ಡೆಪ್ತ್ ಗೇಜ್ ಅನ್ನುತ್ತಾರೆ. ಹಲ್ಲಿಗಿಂತ ಅದು 0.65 ಮಿ.ಮೀ. ಕೆಳಗಿರಬೇಕು. ಹಲ್ಲು ಸವೆದಂತೆ ಉಬ್ಬು ಎತ್ತರ ಅನಿಸುತ್ತದೆ, ಹಲ್ಲು ಕಟ್ಟಿಗೆಯನ್ನು ಕಚ್ಚುವುದೇ ಇಲ್ಲ. ಆಗ ಚಪ್ಪಟೆ ಅರದಲ್ಲಿ ಒಂದೆರಡು ಉಜ್ಜು. ಜಾಸ್ತಿ ಉಜ್ಜಿದರೆ ಮಷಿನ್ ಎಗರುತ್ತದೆ, ಹುಷಾರು.

ಚೈನ್ ಒಂದು ಬದಿಗೆ ವಾಲಿ ಕೊಯ್ಯುತ್ತಿದ್ದರೆ ಆ ಬದಿಯ ಹಲ್ಲು ಉದ್ದ ಅಥವಾ ಹರಿತ ಜಾಸ್ತಿ ಇದೆ ಅಂತ ಅರ್ಥ.

ಅರ ಹಾಕುವ ಕೆಲಸವೇ ಕಡಿಮೆ ಆಗಬೇಕಾದರೆ ಬುಡದ ಮಣ್ಣು ಕೊಡಲಿಯಲ್ಲಿ ಕೆರೆದು, ಕಸಬರಿಗೆಯಲ್ಲಿ ಗುಡಿಸಿ, ಆಮೇಲೆ ಕೊಯ್ಯಿರಿ. ಚೈನ್ ಒಂದೇ ಒಂದು ಸಲ ನೆಲಕ್ಕೆ ತಾಗಿದರೆ ಅರ್ಧ ದಿನದ ಹರಿತ ಹೋಗುತ್ತದೆ. ಬದುವಿನ ಬೇವಿನಲ್ಲಿ ಹಳೇ ಬೇಲಿ ತಂತಿ, ದನ ಕಟ್ಟಿದ ಮೊಳೆ ಒಳಗೆ ಸೇರಿಕೊಂಡಿರುತ್ತದೆ. ಕೈಯಾಡಿಸಿ ನೋಡಿ.

ಚೈನ್ ಎಷ್ಟು ಬಿಗಿ ಇರಬೇಕು?

ಕೆಳಗಡೆ ಜೋತು ಬೀಳಬಾರದು, ಕೈಗವಸು ಹಾಕಿ ಎಳೆದರೆ ಸರಾಗ ತಿರುಗಬೇಕು. ಹೊಸ ಚೈನ್ ಮೊದಲ ಅರ್ಧ ಗಂಟೆಯಲ್ಲಿ ಸಡಿಲ ಆಗುತ್ತದೆ, ಮತ್ತೆ ಮತ್ತೆ ನೋಡಿ. ಬಿಸಿ ಇದ್ದಾಗ ಬಿಗಿ ಮಾಡಿದ್ದರೆ ಕೆಲಸ ಮುಗಿದ ಮೇಲೆ ಸಡಿಲ ಬಿಡಿ. ತಣ್ಣಗಾದಾಗ ಚೈನ್ ಕುಗ್ಗಿ ಬೇರಿಂಗ್ ಎಳೆಯುತ್ತದೆ. ಎರಡು ಚೈನ್ ಸವೆದ ಮೇಲೆ ಒಳಗಿನ ಸ್ಪ್ರಾಕೆಟ್, ಅಂದರೆ ಚೈನ್ ತಿರುಗಿಸುವ ಹಲ್ಲಿನ ಚಕ್ರ, ಬದಲಿಸಿ. ಹಳೇ ಸ್ಪ್ರಾಕೆಟ್ ಹೊಸ ಚೈನನ್ನು ತಿನ್ನುತ್ತದೆ.

ಚೈನ್‌ಗೆ ಟ್ರ್ಯಾಕ್ಟರ್‌ನ ಹಳೇ ಆಯಿಲ್ ಹಾಕಬಹುದಾ?

ಬೇಡ. ಅದರಲ್ಲಿ ಲೋಹದ ಪುಡಿ, ಮಸಿ ಇರುತ್ತದೆ. ಆಯಿಲ್ ಪಂಪ್ ಕಟ್ಟುತ್ತದೆ, ಬಾರ್ ಸವೆಯುತ್ತದೆ, ನಿಮ್ಮ ಮೈಮೇಲೂ ಸಿಡಿಯುತ್ತದೆ. ಚೈನ್ ಆಯಿಲ್ ಅಂತಲೇ ಸಿಗುತ್ತದೆ, ಅಂಟಾಗಿರುತ್ತದೆ, ಚೈನ್ ಬಿಟ್ಟು ಹಾರುವುದಿಲ್ಲ. ಪೆಟ್ರೋಲ್ ತುಂಬಿಸಿದಾಗಲೆಲ್ಲ ಆಯಿಲ್ ಕೂಡ ತುಂಬಿಸಿ. ಆಯಿಲ್ ಬರುತ್ತಿದೆಯಾ ಅಂತ ನೋಡಲು ಬಾರ್ ಮೂತಿಯನ್ನು ಒಂದು ರಟ್ಟಿನ ಮುಂದೆ ಒಂದು ಗೇಣು ದೂರದಲ್ಲಿ ಹಿಡಿದು ವೇಗ ಕೊಡಿ. ರಟ್ಟಿನ ಮೇಲೆ ಎಣ್ಣೆಯ ಗೆರೆ ಮೂಡಬೇಕು.

ಪೆಟ್ರೋಲ್‌ಗೆ ಆಯಿಲ್ ಎಷ್ಟು ಬೆರೆಸಬೇಕು?

ಮಷಿನ್ ಪುಸ್ತಕದಲ್ಲಿ ಬರೆದಷ್ಟು. 50ಕ್ಕೆ 1 ಅಂತ ಇದ್ದರೆ ಒಂದು ಲೀಟರ್‌ಗೆ 20 ಮಿ.ಲೀ. 25ಕ್ಕೆ 1 ಅಂತ ಇದ್ದರೆ 40 ಮಿ.ಲೀ. ಟೂ ಸ್ಟ್ರೋಕ್ ಆಯಿಲ್ ಮಾತ್ರ. ಕಣ್ಣಂದಾಜು ಬೇಡ, ಔಷಧಿ ಅಳೆಯುವ ಸಿರಿಂಜ್ ಇಟ್ಟುಕೊಳ್ಳಿ. ಆಯಿಲ್ ಇಲ್ಲದೆ ಒಂದು ಟ್ಯಾಂಕ್ ಓಡಿಸಿದರೂ ಪಿಸ್ಟನ್ ಹಿಡಿಯುತ್ತದೆ.

ಮಧ್ಯಾಹ್ನ ಬಿಸಿಯಾದ ಮೇಲೆ ಸ್ಟಾರ್ಟ್ ಆಗುವುದಿಲ್ಲ. ಕೆಟ್ಟಿದೆಯಾ?

ಹೆಚ್ಚಾಗಿ ಕೆಟ್ಟಿರುವುದಿಲ್ಲ. ಏಪ್ರಿಲ್ ಬಿಸಿಲು 40 ಡಿಗ್ರಿ ದಾಟಿದಾಗ ಪೆಟ್ರೋಲ್ ಪೈಪಿನಲ್ಲೇ ಆವಿ ಆಗುತ್ತದೆ. ಬೇವಿನ ನೆರಳಿಗೆ ತಂದು ಹದಿನೈದು ನಿಮಿಷ ಬಿಡಿ. ಆಮೇಲೆ ಟ್ಯಾಂಕ್ ಮುಚ್ಚಳ ನಿಧಾನ ತಿರುಗಿಸಿ, ಒಳಗಿನ ಒತ್ತಡ ಹೋಗಲಿ. ಚೋಕ್ ಎಳೆಯದೆ ಸ್ಟಾರ್ಟ್ ಮಾಡಿ. ಏರ್ ಫಿಲ್ಟರ್ ದೂಳು ಕಟ್ಟಿದೆಯಾ ನೋಡಿ, ನಮ್ಮ ಕಡೆ ದಿನಾ ಬಡಿದು ಸ್ವಚ್ಛ ಮಾಡಬೇಕು.

ಬಿಸಿ ಎಂಜಿನ್‌ಗೆ ಪೆಟ್ರೋಲ್ ಹಾಕಬೇಡಿ. ಒಣ ಹುಲ್ಲಿನ ಮೇಲೆ, ಕಣಕಿ ಬಣವೆ ಹತ್ತಿರ ಮಷಿನ್ ಇಡಬೇಡಿ. ಸೈಲೆನ್ಸರ್ ಕಾವಿಗೇ ಬೆಂಕಿ ಹತ್ತುತ್ತದೆ.

ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ?

ಸೈಲೆನ್ಸರ್‌ನ ಎರಡು ಬೋಲ್ಟ್ ಬಿಚ್ಚಿಸಿ, ರಂಧ್ರದೊಳಗೆ ಟಾರ್ಚ್ ಹಾಕಿ ಪಿಸ್ಟನ್ ನೋಡಿ. ಉದ್ದುದ್ದ ಗೀರು ಇದ್ದರೆ ಬೇಡ. ಬಿಚ್ಚಲು ಒಪ್ಪದವರ ಹತ್ತಿರ ಕೊಳ್ಳಬೇಡಿ.

ಏನೇನು ಹಾಕಿಕೊಂಡು ಕೊಯ್ಯಬೇಕು?

ಪ್ಯಾಂಟ್, ಬೂಟು, ಕನ್ನಡಕ, ಕಿವಿಗೆ ಮಫ್, ಗಟ್ಟಿ ಕೈಗವಸು. ಶಬ್ದ 100 ಡೆಸಿಬಲ್ ದಾಟುತ್ತದೆ, ಹತ್ತಿ ಸಾಲುವುದಿಲ್ಲ. ತೊಡೆಗೆ ಹಾಕುವ ಚೈನ್‌ಸಾ ಚಾಪ್ಸ್ ಸಿಕ್ಕರೆ ಖಂಡಿತ ತಗೊಳ್ಳಿ. ಚೈನ್ ತಾಗಿದ ಕೂಡಲೇ ಅದರೊಳಗಿನ ನಾರು ಎಳೆದುಬಂದು ಸ್ಪ್ರಾಕೆಟ್‌ಗೆ ಸುತ್ತಿ ಚೈನ್ ನಿಲ್ಲಿಸುತ್ತದೆ. ಲುಂಗಿ, ಧೋತರ ಉಟ್ಟು ಬೇಡ. ಮುಖ್ಯವಾಗಿ ಹೆಗಲ ಮೇಲಿನ ಟವೆಲ್ ತೆಗೆದಿಡಿ. ನಮ್ಮ ಕಾಕಾ ಹತ್ತು ಸಲ ಹೇಳಿದರೂ ಟವೆಲ್ ಬಿಡುತ್ತಿರಲಿಲ್ಲ. ಒಂದು ದಿನ ಅದರ ತುದಿ ಚೈನ್‌ಗೆ ಸಿಕ್ಕಿ ಕುತ್ತಿಗೆಯ ಹತ್ತಿರದಿಂದ ಎಳೆದುಕೊಂಡಿತು. ಟವೆಲ್ ಹಳೆಯದು, ಹರಿದುಹೋಯಿತು, ಅದಕ್ಕೇ ಬದುಕಿದರು.

ಹೆಗಲಿಗಿಂತ ಮೇಲೆ ಎತ್ತಿ, ಏಣಿ ಮೇಲೆ ನಿಂತು ಕೊಯ್ಯಬೇಡಿ. ಒಬ್ಬರೇ ಹೋಗಬೇಡಿ. ಕರೆಂಟ್ ತಂತಿ ಹತ್ತಿರದ ಕೊಂಬೆ ಇದ್ದರೆ ಜೆಸ್ಕಾಂನವರಿಗೆ ತಿಳಿಸಿ, ಲೈನ್ ಬಂದ್ ಮಾಡಿಸಿಯೇ ಕೊಯ್ಯಿರಿ.

ನಮ್ಮ ಹೊಲದ ಮರ ಕೊಯ್ಯಲು ಪರ್ಮಿಷನ್ ಬೇಕಾ?

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಸ್ವಂತ ಹೊಲದ ಮರಕ್ಕೂ ಇದೆ. ಬಳ್ಳಾರಿ ಜಾಲಿ, ನೀಲಗಿರಿ, ತೆಂಗು ಮುಂತಾದವಕ್ಕೆ ಅದರಲ್ಲಿ ವಿನಾಯಿತಿ ಇದೆ. ಬೇವು, ಹುಣಸೆಯಂಥ ಮರವನ್ನು ಬುಡಕ್ಕೆ ಕೊಯ್ಯುವ ಮುಂಚೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ಕೇಳಿ. ಬದುವಿನಲ್ಲಿ ಶ್ರೀಗಂಧ ಇದ್ದರೆ ಕೈ ಹಚ್ಚಲೇಬೇಡಿ.

ಜಾಲಿ ಕೊಯ್ದರೆ ಮತ್ತೆ ಚಿಗುರುತ್ತದೆ. ಚೈನ್‌ಸಾದಿಂದ ಬುಡವನ್ನೇ ತೆಗೆಯಬಹುದಾ?

ಆಗುವುದಿಲ್ಲ. ಬೊಡ್ಡೆ ಎಷ್ಟು ಕೆಳಗೆ ಕೊಯ್ದರೂ ಬುಡದಿಂದ ಹತ್ತು ಕೊಂಬೆ ಏಳುತ್ತವೆ. ಹೊಲಕ್ಕೆ ಜಾಗ ಬೇಕಾದರೆ ಜೆಸಿಬಿಯಿಂದ ಬೇರು ಸಮೇತ ಕೀಳಿಸಿ. ಆಗ ಅರ್ಧ ಆಳು ಎತ್ತರ ಬೊಡ್ಡೆ ಬಿಟ್ಟು ಕೊಯ್ಯಿರಿ, ಜೆಸಿಬಿಗೆ ಹಿಡಿತ ಸಿಗುತ್ತದೆ. ಇದ್ದಿಲಿಗೆ, ಉರುವಲಿಗೆ ಬೆಳೆಸುವವರು ಚಿಗುರು ಬಿಟ್ಟುಕೊಳ್ಳುತ್ತಾರೆ, ಅವರು ಅರ್ಧ ಅಡಿ ಬಿಟ್ಟರೆ ಸಾಕು.

ಮಳೆಗಾಲದಲ್ಲಿ ಮಷಿನ್ ಸುಮ್ನೆ ಇರುತ್ತದೆ. ಹೇಗೆ ಇಡಬೇಕು?

ಈಗ ಬಂಕಿನ ಪೆಟ್ರೋಲ್‌ನಲ್ಲಿ 20 ಪರ್ಸೆಂಟ್ ವರೆಗೆ ಎಥನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರಿ ಕಾರ್ಬ್ಯುರೇಟರ್ ಕೆಡಿಸುತ್ತದೆ. ಟ್ಯಾಂಕ್ ಖಾಲಿ ಮಾಡಿ, ಉಳಿದದ್ದು ಮುಗಿದು ತಾನಾಗೇ ನಿಲ್ಲುವ ತನಕ ಓಡಿಸಿ. ಚೈನ್ ಬಿಚ್ಚಿ ಒಂದು ಡಬ್ಬಿಯಲ್ಲಿ ಆಯಿಲ್‌ನಲ್ಲಿ ಮುಳುಗಿಸಿ. ಬಾರ್‌ನ ಗಾಡಿಯೊಳಗಿನ ಹೊಟ್ಟನ್ನು ತೆಳು ತಗಡಿನಿಂದ ಕೆರೆದು ತೆಗೆಯಿರಿ, ಎಣ್ಣೆ ರಂಧ್ರ ಚುಚ್ಚಿ ನೋಡಿ. ಮತ್ತೆ ಜೋಡಿಸುವಾಗ ಬಾರನ್ನು ಮೇಲೆ ಕೆಳಗೆ ಮಾಡಿ ಹಾಕಿ, ಎರಡೂ ಅಂಚು ಸಮ ಸವೆಯುತ್ತವೆ. ಮಕ್ಕಳ ಕೈಗೆ ಸಿಗದ ಹಾಗೆ ಅಟ್ಟದ ಮೇಲೆ ಇಡಿ.